ಊಟದ ಹೊತ್ತು ಕೇಳಿದ ಚಿಕಿತ್ಸೆ: ಅಮೆರಿಕದ ಮಾಜಿ ಯೋಧೆಯರಿಗಿರುವ ಒಂದು ಸೇವೆಯ ವಿಮರ್ಶೆ

ಅಮೆರಿಕದ ಭೂಸೇನೆಯಲ್ಲಿ ಎಂಟು ವರ್ಷ ಮೆಡಿಕ್ ಆಗಿ ದುಡಿದು 2016ರಲ್ಲಿ ಹೊರಬಂದವಳು ನಾನು. ಮಾಜಿ ಸೈನಿಕರ ಆರೋಗ್ಯವನ್ನು ನೋಡಿಕೊಳ್ಳುವ ಅಲ್ಲಿನ ವೆಟರನ್ಸ್ ಅಫೇರ್ಸ್ ಇಲಾಖೆ, ಅಂದರೆ ನಾವೆಲ್ಲ ‘ವಿ.ಎ.’ ಎಂದು ಕರೆಯುವ ವ್ಯವಸ್ಥೆ, ಊಟಕ್ಕೆ ಸಂಬಂಧಿಸಿದ ಮನೋರೋಗಗಳಿಗೆ ಕೊಡುವ ಹೊರರೋಗಿ ಚಿಕಿತ್ಸೆಯನ್ನು ಇಪ್ಪತ್ತು ಭೇಟಿಗಳಷ್ಟು ಪೂರ್ತಿಯಾಗಿ ಪಡೆದು, ಆಮೇಲಿನ ಮರುಪರಿಶೀಲನೆಯನ್ನೂ ಮುಗಿಸಿಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೋಟೆಲಿಗೋ ಮಿಕ್ಸಿಗೋ ಕೊಡುವ ಹಾಗೆ ಇದಕ್ಕೂ ನಕ್ಷತ್ರ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕೂ ಚಿಕಿತ್ಸೆಗೇ ಸಲ್ಲತಕ್ಕವು. ಉಳಿದ ಒಂದನ್ನು ಹಿಡಿದಿಟ್ಟುಕೊಂಡದ್ದು ಯಾಕೆಂದರೆ, ಇಷ್ಟು ಒಳ್ಳೆಯ ಚಿಕಿತ್ಸೆಗೆ ಹೋಗುವ ದಾರಿಯಲ್ಲಿ ಮೊದಲು ಎದುರಾಗುವುದು ತೂಕದ ಯಂತ್ರ.

ನನ್ನ ತೂಕ ಎಷ್ಟಿತ್ತು, ಎಷ್ಟಾಯಿತು, ಒಂದು ರಾತ್ರಿಯಲ್ಲಿ ಎಷ್ಟು ತಿನ್ನುತ್ತಿದ್ದೆ ಎಂಬ ಅಂಕಿಗಳು ಈ ಬರಹದಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ನಾಚಿಕೆಯಿಂದಲ್ಲ. ಈ ಕಾಯಿಲೆ ಇರುವವರು ಇನ್ನೊಬ್ಬರ ಅಂಕಿಯನ್ನು ಕಂಡೊಡನೆ ತಮ್ಮದನ್ನು ಅದರ ಪಕ್ಕದಲ್ಲಿಟ್ಟು ಅಳೆಯತೊಡಗುತ್ತಾರೆ, ನಾನೂ ಅಳೆಯುತ್ತಿದ್ದೆ. ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಮಗಳು ಅಮೆರಿಕದ ಸೇನೆಗೋ ನೌಕಾಪಡೆಗೋ ಸೇರಿದ್ದಾಳೆಂದು ಅರ್ಧ ಹೆಮ್ಮೆ, ಅರ್ಧ ಅಳುಕಿನಲ್ಲಿ ಹೇಳಿಕೊಳ್ಳುವ ಕನ್ನಡದ ತಂದೆತಾಯಿಗಳನ್ನು ನಾನು ಬಲ್ಲೆ. ರಜೆಗೆ ಬಂದ ಮಗಳ ಅಡುಗೆಮನೆಯ ದೀಪ ನಡುರಾತ್ರಿಯಲ್ಲಿ ಏಕೆ ಉರಿಯುತ್ತದೆಂಬ ಪ್ರಶ್ನೆಯನ್ನು ಅವರು ಇಂಗ್ಲಿಷಿನ ಕೈಪಿಡಿಗಳಲ್ಲಿ ಹುಡುಕುವವರಲ್ಲ.

ಮೊದಲು ಕಾಯಿಲೆಯ ವಿಷಯ. ಊಟದ ಕಾಯಿಲೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಎಲುಬು ಎಣಿಸುವಷ್ಟು ಸೊರಗಿದ ಕಾಲೇಜು ಹುಡುಗಿ. ನನ್ನದು ಆ ಚಿತ್ರಕ್ಕೆ ಹೊಂದದ ಬಿಂಜ್ ಈಟಿಂಗ್ ಡಿಸಾರ್ಡರ್. ಹಸಿವಿಲ್ಲದಿದ್ದರೂ, ಯಾರಿಗೂ ಕಾಣದಂತೆ, ಸ್ವಲ್ಪ ಹೊತ್ತಿನಲ್ಲೇ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಂತೆ ತಿಂದು, ಆಮೇಲೆ ತನ್ನ ಮೇಲೆ ತಾನೇ ಹೇಸಿಗೆಪಟ್ಟುಕೊಳ್ಳುವ ಸ್ಥಿತಿ ಇದು. ಸರಾಸರಿ ವಾರಕ್ಕೊಮ್ಮೆಯಾದರೂ ಹೀಗಾಗುತ್ತ ಮೂರು ತಿಂಗಳು ಕಳೆದರೆ ವೈದ್ಯರು ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಕೊಟ್ಟದ್ದು 2013ರಲ್ಲಿ. ಕನ್ನಡದಲ್ಲಿ ನಮಗಿರುವುದು ‘ಹೊಟ್ಟೆಬಾಕಿ’ ಎಂಬ ಬೈಗುಳ ಮಾತ್ರ, ಮತ್ತು ಬಕಾಸುರನ ಕತೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಸೇವೆ ಸಲ್ಲಿಸಿದವರನ್ನು ಕುರಿತು ಕನೆಕ್ಟಿಕಟ್‌ನ ವಿ.ಎ. ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನಾವಳಿಗೆ ಉತ್ತರಿಸಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಯಾವುದಾದರೊಂದು ಊಟದ ಕಾಯಿಲೆಯ ಲಕ್ಷಣಗಳು ಕಂಡುಬಂದವು. ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತೆಂದರೆ ತಪ್ಪಾಗಿ ಕೇಳಿಸಬಹುದು, ಆದರೆ ಆದದ್ದು ಸಮಾಧಾನವೇ.

ಈ ಕಾಯಿಲೆಗೆ ಸೈನ್ಯದ ಬದುಕು ಹೇಗೆ ದಾರಿ ಮಾಡಿಕೊಡುತ್ತದೆಂದು ತಿಳಿಯಲು ಟೇಪಿನ ಕತೆ ಗೊತ್ತಿರಬೇಕು. ಭೂಸೇನೆಯಲ್ಲಿ ಎತ್ತರಕ್ಕೆ ನಿಗದಿಯಾದ ತೂಕವನ್ನು ಮೀರಿದವರನ್ನು ಟೇಪಿನಿಂದ ಅಳೆಯುತ್ತಿದ್ದರು. ನಾನಿದ್ದ ಕಾಲದಲ್ಲಿ ಗಂಡಸರಿಗೆ ಕುತ್ತಿಗೆ, ಹೊಟ್ಟೆ ಎಂದು ಎರಡು ಕಡೆ ಅಳೆದರೆ ಹೆಂಗಸರಿಗೆ ಕುತ್ತಿಗೆ, ಸೊಂಟ, ಪೃಷ್ಠ ಎಂದು ಮೂರು ಕಡೆ ಅಳತೆ. ಸೊಂಟ ಮತ್ತು ಪೃಷ್ಠದ ಅಳತೆಗಳನ್ನು ಕೂಡಿಸಿ, ಕುತ್ತಿಗೆಯ ಅಳತೆಯನ್ನು ಕಳೆದು, ಬಂದ ಸಂಖ್ಯೆಯಿಂದ ಮೈಯ ಕೊಬ್ಬಿನ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದರು. ಕುತ್ತಿಗೆ ದಪ್ಪವಾದಷ್ಟೂ ಲೆಕ್ಕದಲ್ಲಿ ಕೊಬ್ಬು ಕಡಿಮೆ. ಆದ್ದರಿಂದ ಬ್ಯಾರಕ್ಕಿನಲ್ಲಿ ಹುಡುಗಿಯರು ಕುತ್ತಿಗೆಗೆ ವ್ಯಾಯಾಮ ಮಾಡುತ್ತಿದ್ದರು. ಪರೀಕ್ಷೆಗೆ ಹಿಂದಿನ ಮೂರು ದಿನ ಇನ್ನೇನು ಮಾಡುತ್ತಿದ್ದೆವೆಂಬುದನ್ನು ವಿವರಿಸುವುದಿಲ್ಲ. ಅಳತೆ ಮೀರಿದರೆ ಬಡ್ತಿ ನಿಲ್ಲುತ್ತದೆ, ತಿಂಗಳು ತಿಂಗಳೂ ತೂಕ ಒಪ್ಪಿಸಬೇಕಾಗುತ್ತದೆ, ಕೊನೆಗೆ ಕೆಲಸವೇ ಹೋಗಬಹುದು. 2023ರಲ್ಲಿ ಈ ಪದ್ಧತಿ ಬದಲಾಗಿ, ಗಂಡು ಹೆಣ್ಣು ಇಬ್ಬರಿಗೂ ಹೊಕ್ಕುಳಿನ ಮಟ್ಟದಲ್ಲಿ ಒಂದೇ ಅಳತೆ ಬಂತು. ಅಳತೆಯ ಜಾಗ ಬದಲಾಯಿತೇ ಹೊರತು, ಪರೀಕ್ಷೆಯ ತಿಂಗಳಲ್ಲಿ ಉಪವಾಸ, ಮುಗಿದ ರಾತ್ರಿ ಹಬ್ಬ ಎಂಬ ಚಕ್ರ ಅಷ್ಟು ಸುಲಭವಾಗಿ ಬದಲಾಗುವುದೆಂದು ನನಗನ್ನಿಸುವುದಿಲ್ಲ.

ಇದರ ಜೊತೆಗೆ ವೇಗ. ತರಬೇತಿಯ ಭೋಜನಶಾಲೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂರುವಷ್ಟರಲ್ಲಿ ಎದ್ದೇಳುವ ಆಜ್ಞೆ ಬರುತ್ತಿತ್ತು. ರಣರಂಗದಲ್ಲಿ ಪ್ಲಾಸ್ಟಿಕ್ ಚೀಲದ ಸಿದ್ಧ ಊಟವನ್ನು ನಿಂತುಕೊಂಡೋ ವಾಹನದೊಳಗೋ, ಮುಂದಿನದು ಯಾವಾಗ ಎಂಬುದು ಗೊತ್ತಿಲ್ಲದೆ ತಿನ್ನುವುದು. ಸಿಕ್ಕಾಗ, ಸಿಕ್ಕಷ್ಟನ್ನು, ಬೇಗ ಬೇಗ ತಿನ್ನಬೇಕೆಂಬುದು ಅಲ್ಲಿ ಬದುಕುವ ಬುದ್ಧಿ. ಅದೇ ಬುದ್ಧಿ ಮನೆಗೆ ಬಂದ ಮೇಲೂ ಕೈ ಬಿಡದಿದ್ದಾಗ ಕಾಯಿಲೆಯಾಗುತ್ತದೆ.

ನನ್ನ ಮನೆಯವರಿಗೆ ಗೊತ್ತಾಗದೆ ಹೋದದ್ದಕ್ಕೆ ನಮ್ಮ ಸಂಸ್ಕೃತಿಯ ಕೊಡುಗೆಯೂ ಇದೆ. ನಮ್ಮದು ಮಂಡ್ಯದ ಕಡೆಯ ಮನೆತನ. ಟೆಕ್ಸಾಸಿಗೆ ಬಂದು ಮೂವತ್ತು ವರ್ಷವಾದರೂ ಅಮ್ಮ ಶನಿವಾರದ ಒಪ್ಪತ್ತು ಬಿಟ್ಟವಳಲ್ಲ. ಹಗಲೆಲ್ಲ ಏನೂ ತಿನ್ನದ ಮಗಳನ್ನು ಕಂಡು ಅವಳು ಮೆಚ್ಚಿದ್ದಳೇ ಹೊರತು ಹೆದರಿರಲಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ನಾನು ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು, “ನೋಡಮ್ಮ, ಮಿಲಿಟರಿ ಶಿಸ್ತು ಅಂದರೆ ಇದು,” ಎಂದು ತಮ್ಮ ಸೊಸೆಗೆ ತೋರಿಸಿದರು. ಆ ರಾತ್ರಿ ಮನೆಗೆ ಮರಳುವ ದಾರಿಯಲ್ಲಿ ಕಾರು ನಿಲ್ಲಿಸಿ, ಬೇರೆಯವರಿಗೆಂದು ಕಟ್ಟಿಸಿಕೊಂಡಿದ್ದ ಹೋಳಿಗೆಯ ಪೊಟ್ಟಣವನ್ನು ನಾನೊಬ್ಬಳೇ ಖಾಲಿ ಮಾಡಿದ್ದೆ. ಅಮ್ಮನಿಗೆ ಸಂಶಯ ಬಂದದ್ದು ವರ್ಷಗಳ ನಂತರ, ಸಕ್ಕರೆ ಡಬ್ಬಿಯಿಂದ. “ಮನೇಲಿ ಇಬ್ಬರೇ ಇದ್ದೀವಿ, ವಾರಕ್ಕೊಂದು ಡಬ್ಬ ಎಲ್ಲಿಗೆ ಹೋಗುತ್ತೆ ಪುಟ್ಟಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮೊದಲು ನಾನು ಹೋದದ್ದು ವಿ.ಎ.ಗೆ ಅಲ್ಲ, ಉದ್ಯೋಗದ ವಿಮೆ ಒಪ್ಪುವ ಒಂದು ಖಾಸಗಿ ಕ್ಲಿನಿಕ್ಕಿಗೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ಡಯಟೀಷಿಯನ್ ನನ್ನ ಮಾತನ್ನು ಐದು ನಿಮಿಷ ಕೇಳಿ, ಒಂದು ತಟ್ಟೆಯ ಚಿತ್ರವಿದ್ದ ಹಾಳೆ ಕೊಟ್ಟು, ಅನ್ನವನ್ನು ಪೂರ್ತಿ ಬಿಡಿ ಎಂದರು. ಸೈನ್ಯದಲ್ಲಿದ್ದೆ ಎಂದದ್ದಕ್ಕೆ, “ಹಾಗಾದರೆ ನಿಮಗೆ ಮನೋಬಲ ಕಷ್ಟವಲ್ಲ,” ಎಂದು ನಕ್ಕರು. ಬಿಡಬೇಕಾದ ಪದಾರ್ಥಗಳ ಪಟ್ಟಿಯನ್ನು ಹದಿನೇಳು ದಿನ ಒಂದಿಷ್ಟೂ ತಪ್ಪದೆ ಪಾಲಿಸಿದೆ. ಹದಿನೆಂಟನೆಯ ದಿನದ ರಾತ್ರಿ ಏನಾಯಿತೆಂದು ಈ ಕಾಯಿಲೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಬಿಂಜ್ ಆಗುವುದು ಮನೋಬಲ ಸಾಲದ್ದರಿಂದಲ್ಲ; ಬಹುಮಟ್ಟಿಗೆ ಅದು ಹಗಲಿನ ಉಪವಾಸದ ಪ್ರತಿಫಲ ಎಂಬ ಸರಳ ಸಂಗತಿಯನ್ನು ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ.

ವಿ.ಎ.ಗೆ ಹೋಗಲು ಹಿಂಜರಿದವಳು ನಾನೊಬ್ಬಳೇ ಅಲ್ಲ. ಕಾಯುವ ಕೋಣೆಯಲ್ಲಿ ತಮ್ಮನ್ನು ಯಾವುದೋ ಮಾಜಿ ಸೈನಿಕನ ಹೆಂಡತಿಯೆಂದು ತಿಳಿಯುತ್ತಾರೆಂಬ ದೂರು ಮಾಜಿ ಯೋಧೆಯರ ಬಾಯಲ್ಲಿ ಹಳೆಯದು. ಲಿಂಕನ್ 1865ರಲ್ಲಿ ಆಡಿದ ಮಾತಿನಿಂದ ತೆಗೆದ ಇಲಾಖೆಯ ಧ್ಯೇಯವಾಕ್ಯವೂ ಯುದ್ಧದ ಭಾರ ಹೊತ್ತ ‘ಅವನನ್ನು’, ಅವನ ವಿಧವೆಯನ್ನು, ಅವನ ಅನಾಥ ಮಕ್ಕಳನ್ನು ನೋಡಿಕೊಳ್ಳುವ ಮಾತಾಗಿತ್ತು. ಸೇವೆ ಸಲ್ಲಿಸಿದ ಎಲ್ಲರನ್ನೂ ಒಳಗೊಳ್ಳುವಂತೆ ಅದನ್ನು ಬದಲಿಸಿದ್ದು 2023ರ ಮಾರ್ಚಿನಲ್ಲಿ. ಕಲ್ಲಿನ ಮೇಲಿನ ಅಕ್ಷರಕ್ಕೆ ಇಷ್ಟು ಬೆಲೆಯೇ ಎಂದು ಕೇಳಬಹುದು. ಇಡೀ ದೇಶದಲ್ಲಿ ಇಪ್ಪತ್ತು ಲಕ್ಷದಷ್ಟಿರುವ ನಮಗೆ ಬೆಲೆಯಿದೆ.

ಬಾಗಿಲ ವಿಷಯಕ್ಕೆ ಬರುತ್ತೇನೆ. ಪ್ರತಿ ವಿ.ಎ. ವೈದ್ಯಕೀಯ ಕೇಂದ್ರದಲ್ಲೂ ‘ವಿಮೆನ್ ವೆಟರನ್ಸ್ ಪ್ರೋಗ್ರಾಂ ಮ್ಯಾನೇಜರ್’ ಎಂಬ ಒಬ್ಬರು ಇರುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯುತ್ತಮ ಅಂಗ ಇದೇ. ಯಾವ ವಿಭಾಗಕ್ಕೆ ಹೋಗಬೇಕೆಂದು ತಿಳಿಯದವರು ಮೊದಲು ಇವರನ್ನು ಕೇಳಬೇಕು. ಇಲ್ಲವೇ ಮಾಜಿ ಯೋಧೆಯರಿಗೆಂದೇ ಇರುವ 1-855-829-6636 ಸಂಖ್ಯೆಗೆ ಕರೆ ಮಾಡಬೇಕು. ಸಾಮಾನ್ಯ ವೈದ್ಯರ ಮೂಲಕ ಹೋದರೆ ಮೊದಲು ಆಗುವುದು ತೂಕ ಮತ್ತು ಎತ್ತರದ ಲೆಕ್ಕ. ಆ ಲೆಕ್ಕ ಒಂದು ಗೆರೆ ದಾಟಿದವರಿಗೆ ‘ಮೂವ್’ ಎಂಬ ತೂಕ ಇಳಿಸುವ ಕಾರ್ಯಕ್ರಮದ ಆಹ್ವಾನ ಸಿಗುತ್ತದೆ. 2006ರಿಂದ ದೇಶದಾದ್ಯಂತ ನಡೆಯುತ್ತಿರುವ ಈ ಕಾರ್ಯಕ್ರಮ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಎಷ್ಟೋ ಜನರಿಗೆ ಉಪಕಾರ ಮಾಡಿದೆ, ಅದನ್ನು ಹಳಿಯಲಾರೆ. ಆದರೆ ಬಿಂಜ್ ಕಾಯಿಲೆಯವಳ ಕೈಗೆ ಮೊದಲ ದಿನವೇ ತಿಂದದ್ದನ್ನೂ ತೂಕವನ್ನೂ ಲೆಕ್ಕವಿಡುವ ಪುಸ್ತಕ ಕೊಟ್ಟರೆ, ಟೇಪಿನವರು ಕಲಿಸಿದ ಪಾಠವನ್ನೇ ಬಿಳಿ ಕೋಟಿನವರು ಮುಂದುವರಿಸಿದಂತೆ ಆಗುತ್ತದೆ. ತೂಕದ ಮಾತು ತೆಗೆಯುವ ಮುನ್ನ “ನಿಲ್ಲಿಸಲಾಗದಂತೆ ತಿನ್ನುವುದುಂಟೆ?” ಎಂಬ ಒಂದು ಪ್ರಶ್ನೆ ಎಲ್ಲರಿಗೂ ಕಡ್ಡಾಯವಾಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯದಲ್ಲಿ ಕಡ್ಡಾಯದ ಪ್ರಶ್ನೆ ಈಗಾಗಲೇ ಇದೆ. ಸೇವೆಯ ಅವಧಿಯಲ್ಲಿ ಲೈಂಗಿಕ ಕಿರುಕುಳವೋ ಆಕ್ರಮಣವೋ ನಡೆದಿತ್ತೇ ಎಂದು ವಿ.ಎ.ಗೆ ಬರುವ ಪ್ರತಿಯೊಬ್ಬರನ್ನೂ, ಗಂಡಸರನ್ನೂ ಕೂಡ, ಕೇಳುತ್ತಾರೆ. ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹೌದೆನ್ನುತ್ತಾರೆ. ನಾನೂ ಹೌದೆಂದೆ. ಹೌದೆಂದ ಮೇಲೆ ಅದಕ್ಕೆ ಸಂಬಂಧಿಸಿದ ಚಿಕಿತ್ಸೆಯೆಲ್ಲ ಉಚಿತ; ಆ ಕಾಲದಲ್ಲಿ ದೂರು ಕೊಟ್ಟಿರಬೇಕಾಗಿಲ್ಲ, ದಾಖಲೆ ತೋರಿಸಬೇಕಾಗಿಲ್ಲ, ಅಂಗವೈಕಲ್ಯದ ಪ್ರಮಾಣಪತ್ರವೂ ಬೇಡ. ಊಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ: ರಾತ್ರಿ ನಿದ್ದೆ ಬಾರದವಳಿಗೆ, ಬೆನ್ನ ಹಿಂದೆ ಬಾಗಿಲಿರುವ ಕುರ್ಚಿಯಲ್ಲಿ ಕೂರಲಾರದವಳಿಗೆ, ತಿನ್ನುತ್ತಿರುವ ಆ ಇಪ್ಪತ್ತು ನಿಮಿಷ ಮಾತ್ರ ತಲೆಯೊಳಗಿನ ಸದ್ದು ನಿಲ್ಲುತ್ತದೆ. ಯಾರ ಕಣ್ಣಿಗೂ ಬೀಳದಂಥ ಮೈಯೊಂದನ್ನು ತನ್ನ ಸುತ್ತ ಕಟ್ಟಿಕೊಳ್ಳುವ ಆಸೆಯೂ ಅದರಲ್ಲಿ ಇತ್ತೆಂದು ನನಗೆ ಗೊತ್ತಾದದ್ದು ಚಿಕಿತ್ಸೆಯ ಹನ್ನೊಂದನೆಯ ವಾರದಲ್ಲಿ.

ಈಗ ಚಿಕಿತ್ಸೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾಲ್ಕು ನಕ್ಷತ್ರಗಳೂ ಇದಕ್ಕೇ. ನನಗೆ ಕೊಟ್ಟದ್ದು ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ, ಊಟದ ಕಾಯಿಲೆಗಳಿಗೆಂದೇ ಹೊಂದಿಸಿದ ಅರಿವು–ವರ್ತನೆಯ ಚಿಕಿತ್ಸೆ. ಇಪ್ಪತ್ತು ವಾರಗಳಲ್ಲಿ ಇಪ್ಪತ್ತು ಭೇಟಿ: ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ಹೆಚ್ಚಾಗಿ ವಾರಕ್ಕೊಮ್ಮೆ, ಕೊನೆಕೊನೆಗೆ ಹದಿನೈದು ದಿನಕ್ಕೊಮ್ಮೆ. ಮೊದಲ ದಿನ ಚಿಕಿತ್ಸಕಿ ಕೊಟ್ಟದ್ದು ಗೆರೆ ಎಳೆದ ಹಾಳೆಗಳು. ಏನನ್ನಾದರೂ ತಿಂದ ಕೂಡಲೇ, ರಾತ್ರಿಗೆಂದು ಉಳಿಸಿಕೊಳ್ಳದೆ, ಗಂಟೆ ಎಷ್ಟು, ತಿಂದದ್ದೇನು, ತಿಂದದ್ದೆಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಬೇಕು. ಅತಿಯಾಯಿತೆಂದು ನನಗೇ ಅನ್ನಿಸಿದ್ದರ ಮುಂದೆ ಒಂದು ನಕ್ಷತ್ರದ ಗುರುತು ಹಾಕಬೇಕು. ಎಷ್ಟು ತಿಂದೆನೆಂಬ ಅಳತೆ, ಕ್ಯಾಲೊರಿಯ ಲೆಕ್ಕ ಆ ಹಾಳೆಯಲ್ಲಿ ಇರಲಿಲ್ಲ.

ಮೊದಲ ವಾರದ ನನ್ನ ಹಾಳೆಗಳಲ್ಲಿ ಬೆಳಗಿನ ಏಳರಿಂದ ಸಂಜೆ ಆರರವರೆಗೆ ಕಾಫಿ ಬಿಟ್ಟರೆ ಏನೂ ಇರಲಿಲ್ಲ. ನಕ್ಷತ್ರಗಳೆಲ್ಲ ರಾತ್ರಿ ಹತ್ತರ ನಂತರದವು. ಚಿಕಿತ್ಸಕಿ ಆ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಖಾಲಿ ಬಿಟ್ಟ ಹಗಲಿನ ಜಾಗದ ಮೇಲೆ ಬೆರಳಾಡಿಸುತ್ತ ಸುಮ್ಮನೆ ಕೂತರು. ನಾನು ಬೈಗುಳವನ್ನು ನಿರೀಕ್ಷಿಸುತ್ತಿದ್ದೆ. ಅವರು ಕೇಳಿದ್ದು ಒಂದೇ: “ನಾಳೆ ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ?” ಮೂರು ಹೊತ್ತಿನ ಊಟ, ನಡುವೆ ಎರಡು ಮೂರು ಸಲ ಸಣ್ಣ ತಿಂಡಿ, ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವು ಬೇಡ ಎಂಬುದು ಈ ಚಿಕಿತ್ಸೆಯ ಬುನಾದಿ. ಏನು ತಿನ್ನಬೇಕೆಂಬ ಮಾತು ಆರಂಭದ ವಾರಗಳಲ್ಲಿ ಬರುವುದೇ ಇಲ್ಲ, ಯಾವಾಗ ಎಂಬುದಷ್ಟೇ. ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಿದೆ. ಅವಳು ಕೇಳಿ, “ಹೊತ್ತೊತ್ತಿಗೆ ಉಣ್ಣು ಅಂತ ನಿಮ್ಮಜ್ಜಿ ಬಡಕೊಂಡು ಬಡಕೊಂಡು ಸತ್ತರು. ಅದನ್ನು ಹೇಳೋಕೆ ಡಾಕ್ಟರು ಬೇಕಾಯ್ತಾ?” ಎಂದಳು. ಬೇಕಾಯಿತು. ಅಜ್ಜಿ ಹೇಳಿದ್ದು ಹಸಿದವಳಿಗೆ. ಚಿಕಿತ್ಸಕಿ ಹೇಳಿದ್ದು ಹಸಿವಿಗೆ ಹೆದರುವುದನ್ನೂ ಹಸಿವಿನ ಗುರುತನ್ನೂ ಒಟ್ಟಿಗೇ ಮರೆತವಳಿಗೆ, ಅದೂ ಎಂಟು ವರ್ಷ ಆಜ್ಞೆಯ ಮೇಲೆ ಉಂಡವಳಿಗೆ. ಗಡಿಯಾರ ನೋಡಿ ತಿನ್ನುವುದು ನನಗೆ ಒಗ್ಗಿದ್ದು ಸೈನ್ಯದ ದೆಸೆಯಿಂದಲೇ ಎಂಬುದನ್ನೂ ಹೇಳಬೇಕು. ಅಲ್ಲಿ ಕಲಿತದ್ದೆಲ್ಲ ವಿಷವಲ್ಲ.

ತಂಡದಲ್ಲಿದ್ದ ಡಯಟೀಷಿಯನ್ ಅವರಿಗೆ ರಾಗಿಯ ಹೆಸರು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಒಪ್ಪಿಕೊಂಡು ಕೇಳಿದರು. ನಿಧಾನವಾಗಿ, ಚೆನ್ನಾಗಿ ಅಗಿದು ತಿನ್ನಿ ಎಂಬ ಸಲಹೆ ಬಂದಾಗ ನಾನು ನಗಬೇಕಾಯಿತು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ ಎಂದೆ. ಬೆರಳಲ್ಲಿ ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗಿಳಿಸುವ ಬಗೆಯನ್ನು ವಿಡಿಯೊ ಪರದೆಯ ಮುಂದೆ ಬಸ್ಸಾರಿನ ಬಟ್ಟಲಿಟ್ಟುಕೊಂಡು ತೋರಿಸಿದೆ. ಅವರು ಒಂದು ಕ್ಷಣ ಯೋಚಿಸಿ, ಹಾಗಾದರೆ ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಕೈಯನ್ನು ತಟ್ಟೆಯ ಅಂಚಿನ ಮೇಲೆ ಇಡಿ, ಅಗಿಯುವುದರ ಬದಲಿಗೆ ಅದು ಸಾಕು ಎಂದರು. ಮೈಯ ವೇಗವನ್ನು ಇಳಿಸುವುದು ಅವರ ಉದ್ದೇಶವಾಗಿತ್ತೇ ಹೊರತು ನಮ್ಮ ಊಟದ ರೀತಿಯನ್ನು ತಿದ್ದುವುದಲ್ಲ. ಅನ್ನ ಬಿಡಿ ಎಂದ ಕ್ಲಿನಿಕ್ಕಿನ ಹಾಳೆಗೂ ಈ ಮಾತಿಗೂ ಇರುವ ಅಂತರ ದೊಡ್ಡದು.

ಈ ಚಿಕಿತ್ಸೆಯಲ್ಲೂ ತೂಕದ ಯಂತ್ರವಿದೆ, ಮತ್ತು ನಾನು ಅತಿ ಹೆಚ್ಚು ಹೆದರಿದ್ದು ಅದಕ್ಕೇ. ವಾರಕ್ಕೊಂದು ಸಲ ಮಾತ್ರ, ಚಿಕಿತ್ಸಕಿಯ ಜೊತೆಯಲ್ಲೇ ತೂಕ ನೋಡಬೇಕು. ಉಳಿದ ದಿನಗಳಲ್ಲಿ ಮನೆಯ ಯಂತ್ರವನ್ನು ಮುಟ್ಟುವಂತಿಲ್ಲ. ಬಂದ ಅಂಕಿಯನ್ನು ಇಬ್ಬರೂ ಕೂಡಿ ಚೌಕಳಿ ಹಾಳೆಯಲ್ಲಿ ಗುರುತಿಸುತ್ತೇವೆ. ಒಂದೇ ಚುಕ್ಕೆಯನ್ನು ನೋಡಿ ಅರ್ಥ ಹೇಳುವಂತಿಲ್ಲ, ಕೊನೆಯ ನಾಲ್ಕು ವಾರದ ಚುಕ್ಕೆಗಳನ್ನು ಸೇರಿಸಿಯೇ ನೋಡಬೇಕೆಂಬುದು ನಿಯಮ. ದಿನಕ್ಕೆ ಮೂರು ನಾಲ್ಕು ಸಲ ತೂಕ ನೋಡಿಕೊಂಡು ಒಂದೊಂದು ಸಲವೂ ದಿನದ ಹಣೆಬರಹ ನಿರ್ಧರಿಸುತ್ತಿದ್ದ ನನಗೆ, ಇದು ಟೇಪಿಗೆ ಸಿಕ್ಕಿದ ಪ್ರತ್ಯುತ್ತರದಂತೆ ಕಂಡಿತು. ಅಳತೆಯನ್ನು ಕೈಬಿಡದೆ, ಅದರ ಅಧಿಕಾರವನ್ನಷ್ಟೇ ಕಿತ್ತುಕೊಂಡರು. ಮೂರನೆಯ ವಾರ ಗೆರೆ ಮೇಲಕ್ಕೇರಿದಾಗ ನಾನು ಚಿಕಿತ್ಸೆಯನ್ನೇ ಬಿಡುವುದಾಗಿ ಸಂದೇಶ ಕಳಿಸಿದ್ದೆ. ಮಾರನೆಯ ಬೆಳಿಗ್ಗೆ ಚಿಕಿತ್ಸಕಿಯೇ ಫೋನು ಮಾಡಿ, ಬಿಡುವುದಿದ್ದರೆ ಏಳನೆಯ ವಾರದಲ್ಲಿ ಬಿಡಿ, ಆಗ ಚುಕ್ಕೆಗಳಾದರೂ ಸಾಕಷ್ಟಿರುತ್ತವೆ ಎಂದರು. ಏಳನೆಯ ವಾರದ ಹೊತ್ತಿಗೆ ನನ್ನ ಹಾಳೆಯಲ್ಲಿ ನಕ್ಷತ್ರಗಳು ವಾರಕ್ಕೆ ಎರಡಕ್ಕಿಳಿದಿದ್ದವು.

ಔಷಧಿಯ ಮಾತೂ ಬಂದಿತ್ತು. ವಯಸ್ಕರ ಬಿಂಜ್ ಕಾಯಿಲೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟ ಲಿಸ್‌ಡೆಕ್ಸ್‌ಆಂಫೆಟಮೀನ್ ಎಂಬ ಮಾತ್ರೆ ಇದೆ. ಅದು ತೂಕ ಇಳಿಸುವ ಮಾತ್ರೆ ಅಲ್ಲ, ಎಲ್ಲರಿಗೂ ಹೊಂದುವಂಥದ್ದೂ ಅಲ್ಲ. ನಿದ್ದೆಯ ತೊಂದರೆ ಮೊದಲೇ ಇದ್ದ ನನಗೆ ಬೇಡವೆಂದು ವೈದ್ಯರೂ ನಾನೂ ಸೇರಿ ತೀರ್ಮಾನಿಸಿದೆವು.

ಊಟದ ಚಿಕಿತ್ಸೆಯ ನಂತರ, ಸೇವೆಯ ಕಾಲದಲ್ಲಿ ಮನಸ್ಸಿಗಾದ ಆಘಾತಕ್ಕೆ ಚಿಕಿತ್ಸೆಯನ್ನು ಪ್ರತ್ಯೇಕವಾಗಿ, ಸುಮಾರು ಹನ್ನೆರಡು ಭೇಟಿಗಳಲ್ಲಿ ಪಡೆದೆ. ಆದದ್ದನ್ನು ಕುರಿತು ನಾವು ನಂಬಿಕೊಂಡ ಮಾತುಗಳಲ್ಲಿ ಯಾವುದು ಗಂಟುಬಿದ್ದು ನಿಂತಿದೆಯೆಂದು ಬರೆದು ಬರೆದು ಬಿಡಿಸುವ ಕ್ರಮ ಅದು. ಎರಡೂ ಒಂದೇ ಸೂರಿನಡಿ ಇದ್ದುದರಿಂದ ಒಂದೇ ಕತೆಯನ್ನು ಎರಡು ಸಲ ಹೇಳುವ ಶಿಕ್ಷೆ ತಪ್ಪಿತು. ಹೊರಗಿನ ಕ್ಲಿನಿಕ್ಕುಗಳಲ್ಲಿ ಊಟದ ಕಾಯಿಲೆ ಬಲ್ಲವರಿಗೆ ಸೈನ್ಯ ಗೊತ್ತಿರುವುದಿಲ್ಲ, ಸೈನ್ಯ ಬಲ್ಲವರಿಗೆ ಊಟದ ಕಾಯಿಲೆ ಗೊತ್ತಿರುವುದಿಲ್ಲ. ಟೇಪು ಎಂದರೇನೆಂದು ವಿವರಿಸದೆ ಮಾತು ಮುಂದುವರಿಸಲು ಸಾಧ್ಯವಾದ ಮೊದಲ ಕೋಣೆ ನನಗೆ ಇದು.

ಕೊರತೆಗಳನ್ನೂ ಹೇಳಬೇಕು. ಮನೋಚಿಕಿತ್ಸಕಿ, ವೈದ್ಯರು, ಡಯಟೀಷಿಯನ್ ಮೂವರೂ ಇರುವ ಪರಿಣತ ತಂಡ ಎಲ್ಲ ಕೇಂದ್ರಗಳಲ್ಲೂ ಇಲ್ಲ. ಇಲ್ಲದ ಕಡೆ ವಿಡಿಯೊ ಮೂಲಕ ದೂರದ ತಂಡವನ್ನು ಕೇಳಿ ಪಡೆಯಬೇಕಾಗುತ್ತದೆ. 2019ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಮಾನಸಿಕ ಚಿಕಿತ್ಸೆಗೆ ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಯಬೇಕಾದರೆ ಅಥವಾ ಅರ್ಧ ಗಂಟೆಗಿಂತ ಹೆಚ್ಚು ಕಾರು ಓಡಿಸಬೇಕಾದರೆ ಹೊರಗಿನ ಖಾಸಗಿ ಚಿಕಿತ್ಸೆಯನ್ನು ಇಲಾಖೆಯ ಖರ್ಚಿನಲ್ಲಿ ಕೇಳುವ ಹಕ್ಕಿದೆ. ಹಕ್ಕು ಚಲಾಯಿಸುವ ಮೊದಲು ಆ ಖಾಸಗಿಯವರಿಗೆ ಈ ಕಾಯಿಲೆಯಲ್ಲಿ ತರಬೇತಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ಖರ್ಚಿನ ವಿಷಯದಲ್ಲಿ ದೂರಿಲ್ಲ: ಸೇವೆಯಿಂದಾದ ಅಂಗವೈಕಲ್ಯ ಶೇಕಡಾ 10 ಅಥವಾ ಹೆಚ್ಚೆಂದು ನಿಗದಿಯಾದವರಿಗೆ ಹೊರರೋಗಿ ಭೇಟಿಗಳಿಗೆ ಕೈಯಿಂದ ಕೊಡುವುದೇನಿಲ್ಲ. ಆಸ್ಪತ್ರೆಯ ವಾತಾವರಣವೇ ಬೇಡವೆನ್ನುವವರಿಗೆ 1979ರಿಂದ ಇರುವ ‘ವೆಟ್ ಸೆಂಟರ್’ಗಳಿವೆ. ಅಲ್ಲಿ ಆಪ್ತಸಮಾಲೋಚನೆ ಸಿಗುತ್ತದೆಯೇ ಹೊರತು ಊಟದ ಕಾಯಿಲೆಯ ಪೂರ್ಣ ಚಿಕಿತ್ಸೆಯನ್ನು ನಿರೀಕ್ಷಿಸಬಾರದು. ಬದುಕೇ ಬೇಡವೆನ್ನಿಸುವ ರಾತ್ರಿಗಳಿಗೆ 988 ಒತ್ತಿ, ಆಮೇಲೆ 1 ಒತ್ತಬೇಕು. ನಾನು ಒಮ್ಮೆ ಒತ್ತಿದ್ದೇನೆ. ಎತ್ತಿಕೊಂಡವರು ನನ್ನ ಹೆಸರನ್ನೂ ಕೇಳದೆ ನಲವತ್ತು ನಿಮಿಷ ಮಾತಾಡಿದರು.

ಸೇವೆ ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ಮರಳಿರುವ ಅಮೆರಿಕದ ಮಾಜಿ ಯೋಧೆಯರು ಗಮನಿಸಬೇಕಾದ ಸಂಗತಿಯೊಂದಿದೆ. ಸೇವೆಯಿಂದಲೇ ಆದದ್ದೆಂದು ಇಲಾಖೆ ಒಪ್ಪಿದ ಕಾಯಿಲೆಗಳಿಗೆ ವಿದೇಶದಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ವಿ.ಎ.ಯ ‘ಫಾರಿನ್ ಮೆಡಿಕಲ್ ಪ್ರೋಗ್ರಾಂ’ ಭರಿಸುತ್ತದೆ, ಬಿಲ್ಲುಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಭಾರತದ ಸೇನೆಯಲ್ಲಿದ್ದವರಿಗೆ ಈ ಬರಹದ ಸೇವೆ ಸಿಗುವುದಿಲ್ಲ. ಆದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು. 2023ರ ಡಿಸೆಂಬರಿನಲ್ಲಿ ಸಶಸ್ತ್ರ ಪಡೆಗಳಿಗೆಂದೇ ಅದರ ವಿಶೇಷ ಘಟಕವೊಂದು ಪುಣೆಯಲ್ಲಿ ತೆರೆದಿದೆ.

ಮೊದಲ ಭೇಟಿಗೆ ಹೋಗುವವರಿಗೆ ಒಂದು ಸೂಚನೆ. ಯಾವ ವಿಭಾಗಕ್ಕೆ ಹೋದರೂ ಒಳಗೆ ಬಿಡುವ ಮುನ್ನ ನರ್ಸು ತೂಕದ ಯಂತ್ರದ ಕಡೆ ಕೈ ತೋರಿಸುತ್ತಾರೆ. ಹತ್ತದಿರಬಹುದು. ಇಲ್ಲವೇ ಅಂಕಿಗೆ ಬೆನ್ನು ಮಾಡಿ ನಿಂತು, ಬರೆದುಕೊಳ್ಳಿ ಆದರೆ ಓದಿ ಹೇಳಬೇಡಿ ಎನ್ನಬಹುದು. ಇಂಥದ್ದೊಂದು ಆಯ್ಕೆಯಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಳೆದ ತಿಂಗಳು ಮೊಣಕಾಲ ನೋವಿಗೆಂದು ಹೋದಾಗ ನಾನು ಹಾಗೆಯೇ ಬೆನ್ನು ತಿರುಗಿಸಿ ನಿಂತೆ. ನರ್ಸು ಅಂಕಿಯನ್ನು ಬರೆದುಕೊಂಡು, “ಇಳಿಯಿರಿ, ಆಯಿತು,” ಎಂದಷ್ಟೇ ಹೇಳಿದರು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದು ಗಂಟೆ. ನನ್ನ ಚೀಲದಲ್ಲಿ ಹನ್ನೊಂದರ ಕಡಲೆಬೀಜದ ಪೊಟ್ಟಣವಿತ್ತು.